ಏಳು ಸಾವಿರ ಪುಟಗಳ ಈರಮ್ಮ

ಪರೀಕ್ಷೆ ಹತ್ತಿರವಾದಂತೆ ಮನೆಮನೆಗಳಲ್ಲಿ ಕೇಳಿಬರುವ ದೂರು ಒಂದೇ. ಎಷ್ಟು ಓದಿದರೂ ತಲೆಯಲ್ಲಿ ನಿಲ್ಲುವುದಿಲ್ಲ ಎಂದು ಮಕ್ಕಳು. ಬೆಳಿಗ್ಗೆ ಬಾಯಿಪಾಠ ಒಪ್ಪಿಸಿದ್ದು ಸಂಜೆಗೆ ಮರೆತುಹೋಗಿರುತ್ತದೆ ಎಂದು ತಾಯ್ತಂದೆಯರು. ನೆನಪಿನ ಶಕ್ತಿ ಹೆಚ್ಚಿಸುವ ಗುಳಿಗೆ, ಟಾನಿಕ್ಕುಗಳ ಜಾಹೀರಾತು ಹುಡುಕುವವರಿಗೂ ಕೊರತೆಯಿಲ್ಲ. ಅಂಥವರೆಲ್ಲ ಒಮ್ಮೆ ತಿಳಿದುಕೊಳ್ಳಬೇಕಾದ ಹೆಣ್ಣುಮಗಳೊಬ್ಬರು ಹೊಸಪೇಟೆಗೆ ದೂರವಲ್ಲದ ದರೋಜಿಯಲ್ಲೇ ಬಾಳಿ ಹೋದರು. ಅವರೇ ಬುರ್ರಕಥಾ ಈರಮ್ಮ.

ಸಂಡೂರು ತಾಲ್ಲೂಕಿನ ದರೋಜಿಯ ಹೆಸರು ಇಂದು ಹೆಚ್ಚಾಗಿ ಕೇಳಿಬರುವುದು ಕರಡಿಧಾಮದಿಂದ. ಹಂಪಿ ನೋಡಲು ಬಂದವರು ಸಂಜೆಯ ಹೊತ್ತು ಬಂಡೆಗಳ ನಡುವೆ ಕರಡಿ ಕಾಣಲು ಅಲ್ಲಿಗೆ ಹೋಗುತ್ತಾರೆ. ಈರಮ್ಮನವರು ಅದೇ ಊರಿನವರು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಓದಲು, ಬರೆಯಲು ಬಾರದು. ಆದರೆ ಅವರಿಗೆ ಹನ್ನೆರಡು ಜನಪದ ಕಾವ್ಯಗಳು ಬರುತ್ತಿದ್ದವು. ಅವೆಲ್ಲವನ್ನೂ ಬರಹಕ್ಕೆ ಇಳಿಸಿದರೆ ಸುಮಾರು 7000 ಪುಟಗಳಾಗುತ್ತವೆ ಎಂಬುದು ತಿಳಿದವರ ಅಂದಾಜು.

ಏಳು ಸಾವಿರ ಪುಟ ಎಂದರೆ ಎಷ್ಟು? ಒಂದು ಪಠ್ಯಪುಸ್ತಕಕ್ಕೆ 200 ಪುಟ ಎಂದು ಹಿಡಿದರೆ 35 ಪುಸ್ತಕಗಳಾದವು. ಒಂದು ಪುಟ ಹಾಡಲು ಎರಡು ನಿಮಿಷ ಎಂದಿಟ್ಟುಕೊಳ್ಳಿ. ಒಟ್ಟು 14,000 ನಿಮಿಷ. ದಿನಕ್ಕೆ ಐದು ಗಂಟೆಯಂತೆ ಹಾಡಿದರೆ ನಲವತ್ತೇಳು ರಾತ್ರಿ ಬೇಕು. ಇಷ್ಟನ್ನು ಒಂದು ಜೀವ ಚೀಟಿಯಿಲ್ಲದೆ, ಟಿಪ್ಪಣಿಯಿಲ್ಲದೆ ಹೊತ್ತಿತ್ತು.

ಇದು ದೈವದತ್ತ ಶಕ್ತಿ, ಪವಾಡ ಎಂದು ಕೈಮುಗಿದು ಮುಂದೆ ಹೋಗುವುದು ಸುಲಭ. ಆದರೆ ಹಾಗೆ ಮಾಡಿದರೆ ಕಲಿಯಬೇಕಾದ ಪಾಠ ತಪ್ಪಿಹೋಗುತ್ತದೆ.

ತಂದೆಯೇ ಗುರು

ಈರಮ್ಮನವರು ಹುಟ್ಟಿದ್ದು 1930ರ ಸುಮಾರಿಗೆ, ಬುಡ್ಗಜಂಗಮ ಸಮುದಾಯದಲ್ಲಿ. ಪರಿಶಿಷ್ಟ ಜಾತಿಗೆ ಸೇರಿದ ಈ ಅಲೆಮಾರಿ ಜನರ ಮನೆಮಾತು ತೆಲುಗು. ಊರಿಂದೂರಿಗೆ ಹೋಗಿ, ಕಥೆ ಹಾಡಿ, ಜನ ಕೊಟ್ಟ ಕಾಳುಕಡಿಯಲ್ಲಿ ಬದುಕುವುದು ತಲೆಮಾರುಗಳಿಂದ ಬಂದ ವೃತ್ತಿ. ಈರಮ್ಮನವರಿಗೆ ತಂದೆ ಲಾಲಪ್ಪನವರೇ ಗುರು. ಹನ್ನೆರಡರ ವಯಸ್ಸಿಗೆಲ್ಲ ಹಾಡು ಕಲಿಯಲು ತೊಡಗಿದರೆಂದು ಹೇಳುತ್ತಾರೆ. ಇಂಥ ಮನೆಗಳಲ್ಲಿ ಕಲಿಕೆಗೆ ಬೇರೆ ಹೊತ್ತು, ಬೇರೆ ಕೋಣೆ ಇರುವುದಿಲ್ಲ. ಹಿರಿಯರು ಹಾಡುವಾಗ ಮಗು ಪಕ್ಕದಲ್ಲಿರುತ್ತದೆ. ಮೊದಲು ಕೇಳುತ್ತದೆ, ಆಮೇಲೆ ಸೊಲ್ಲಿಗೆ ದನಿಗೂಡಿಸುತ್ತದೆ, ಕಥೆಯ ದಾರಿ ಪೂರ್ತಿ ಪರಿಚಯವಾದ ಮೇಲೆ ತಾನೇ ಮುಂದೆ ನಿಂತು ಹಾಡುತ್ತದೆ.

ಮುಂದೆ ಈರಮ್ಮನವರು ಬಳ್ಳಾರಿ, ರಾಯಚೂರು, ಕೊಪ್ಪಳ, ಧಾರವಾಡ ಭಾಗಗಳಲ್ಲಿ, ಆಂಧ್ರದ ಗಡಿಯಾಚೆಯಲ್ಲಿ ಹಾಡುತ್ತ ಹೋದರು. ಕುಮಾರರಾಮ, ಬಾಲನಾಗಮ್ಮ, ಬಬ್ಬುಲಿ ನಾಗಿರೆಡ್ಡಿ, ಜೈಸಿಂಗರಾಜ ಮೊದಲಾದ ಕಾವ್ಯಗಳು ಅವರ ಬಾಯಲ್ಲಿ ಜನಪ್ರಿಯವಾದವು. ಪಂಡಿತರ ಲಕ್ಷ್ಯ ಅವರ ಕಡೆ ಹರಿಯುವ ಹೊತ್ತಿಗೆ ಅವರಿಗೆ ವಯಸ್ಸಾಗಿತ್ತು. 1991ರಲ್ಲಿ ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ ಆರಂಭವಾದ ಮೇಲೆ ಬಳ್ಳಾರಿ ಸೀಮೆಯ ಮೌಖಿಕ ಕಾವ್ಯಗಳ ಸಂಗ್ರಹಕ್ಕೆ ಒಂದು ನೆಲೆ ದೊರೆಯಿತು. 1999ರಲ್ಲಿ ಈರಮ್ಮನವರಿಗೆ ರಾಜ್ಯೋತ್ಸವ ಪ್ರಶಸ್ತಿ ಬಂತು. 2003ರಲ್ಲಿ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ನೀಡಿತು. ಡಾಕ್ಟರೇಟಿಗೆ ಸಮನಾದ ಗೌರವ ಇದು. ಶಾಲೆಗೆ ಹೋಗದವರನ್ನು ವಿಶ್ವವಿದ್ಯಾಲಯವೊಂದು ವಿದ್ವಾಂಸರ ಸಾಲಿನಲ್ಲಿ ಕೂರಿಸಿತು. 2014ರ ಆಗಸ್ಟ್ 12ರಂದು ಈರಮ್ಮನವರು ಬಳ್ಳಾರಿಯಲ್ಲಿ ಕೊನೆಯುಸಿರೆಳೆದರು.

ಮೂವರ ಮೇಳ

ಬುರ್ರ ಎಂಬ ತೆಲುಗು ಮಾತಿಗೆ ಬುರುಡೆ ಎಂದು ಅರ್ಥ. ಬುರುಡೆಯಂತೆ ಗುಂಡಗಿರುವ ವಾದ್ಯದಿಂದಲೇ ಬುರ್ರಕಥೆಗೆ ಆ ಹೆಸರು. ತಂದಾನ ಕಥೆ, ಜಂಗಮ ಕಥೆ ಎಂದೂ ಕರೆಯುವುದುಂಟು. ಸಾಮಾನ್ಯವಾಗಿ ಮೂವರ ಮೇಳ. ನಡುವೆ ಕಥೆ ಹೇಳುವ ಮುಖ್ಯ ಗಾಯಕಿ. ಹೆಗಲ ಮೇಲೆ ತಂಬೂರಿ. ಹೆಬ್ಬೆರಳಿಗೆ, ಒಳಗೆ ಗುಂಡು ತುಂಬಿದ ಟೊಳ್ಳು ಲೋಹದ ಉಂಗುರ. ತಂಬೂರಿಯ ತಂತಿ ಶ್ರುತಿ ಹಿಡಿದರೆ ಉಂಗುರದ ತಟ್ಟು ಲಯ ಹಿಡಿಯುತ್ತದೆ. ಎರಡು ಪಕ್ಕಗಳಲ್ಲಿ ಚಿಕ್ಕ ಚರ್ಮವಾದ್ಯ ಬಾರಿಸುವ ಹಿಮ್ಮೇಳದವರು. ಈರಮ್ಮನವರಿಗೆ ಹತ್ತಿರದ ಸಂಬಂಧದ ಹೆಣ್ಣುಮಕ್ಕಳೇ ಹಿಮ್ಮೇಳಕ್ಕೆ ನಿಲ್ಲುತ್ತಿದ್ದರು.

ಇಲ್ಲಿ ಹಿಮ್ಮೇಳದವರ ಕೆಲಸ ಬರಿಯ ತಾಳ ಹಾಕುವುದಲ್ಲ. ಮುಖ್ಯ ಗಾಯಕಿ ಒಂದು ಸಾಲು ಹಾಡಿದಾಗ ಅವರು ಸೊಲ್ಲು ಎತ್ತುತ್ತಾರೆ. ಆಕೆ ಹಾಡು ನಿಲ್ಲಿಸಿ ಮಾತಿಗಿಳಿದಾಗ ಹ್ಞೂಂಗುಟ್ಟುತ್ತಾರೆ, "ಮುಂದೇನಾಯ್ತು?" ಎಂದು ಕೇಳುತ್ತಾರೆ, ನಡುವೆ ಹಾಸ್ಯದ ಮಾತು ಹಾಕಿ ನಗಿಸುತ್ತಾರೆ. ಹಾಡು, ಮಾತು, ಮತ್ತೆ ಹಾಡು: ಕಥೆ ಮುಂದುವರಿಯುವುದು ಹೀಗೆ. ಕೇಳುವವರಿಗೆ ಇದು ಬೇಸರ ಕಳೆಯುವ ಉಪಾಯ. ಹಾಡುವವರಿಗೋ ಇದರಿಂದ ಇನ್ನೂ ದೊಡ್ಡ ಉಪಕಾರ. ಹಿಮ್ಮೇಳ ಸೊಲ್ಲು ಎತ್ತಿದ ಆ ಕೆಲವೇ ಕ್ಷಣಗಳಲ್ಲಿ ಗಾಯಕಿಯ ಮನಸ್ಸು ಮುಂದಿನ ಸಾಲನ್ನು ಕಟ್ಟಿಕೊಳ್ಳುತ್ತದೆ.

'ಕಟ್ಟಿಕೊಳ್ಳುತ್ತದೆ' ಎಂಬ ಮಾತನ್ನು ಗಮನಿಸಬೇಕು. 'ನೆನಪಿಸಿಕೊಳ್ಳುತ್ತದೆ' ಎನ್ನುವುದಕ್ಕಿಂತ ಅದೇ ಸರಿಯಾದ ಮಾತು. ಏಕೆಂದು ಒಂದು ಕಥೆಯ ಮೂಲಕವೇ ನೋಡಬಹುದು.

ಕಂಪ್ಲಿಯ ಕುಮಾರರಾಮ

ಕುಮಾರರಾಮನ ಕಥೆ ಇದೇ ನೆಲದ್ದು. ವಿಜಯನಗರ ಸ್ಥಾಪನೆಗೆ ಮೊದಲು ಕಂಪಿಲರಾಯನೆಂಬ ದೊರೆ ಕಂಪ್ಲಿ, ಕುಮ್ಮಟದುರ್ಗಗಳ ಸುತ್ತ ಆಳುತ್ತಿದ್ದ. ದೆಹಲಿಯ ಮುಹಮ್ಮದ್ ಬಿನ್ ತುಘಲಕನ ವಿರುದ್ಧ ದಂಗೆಯೆದ್ದ ಬಹಾವುದ್ದೀನನಿಗೆ ಅವನು ಆಶ್ರಯ ಕೊಟ್ಟ. ಸುಲ್ತಾನನ ಸೈನ್ಯ ಬಂತು. 1327ರಲ್ಲಿ ರಾಜ್ಯ ಮುಳುಗಿತು. ಇತಿಹಾಸದ ಪಠ್ಯದಲ್ಲಿ ಇದಕ್ಕೆ ಸಿಗುವುದು ಎರಡೋ ಮೂರೋ ಸಾಲು.

ಜನಪದರು ಇದನ್ನು ಹಾಗೆ ಬಿಡಲಿಲ್ಲ. ಕಂಪಿಲರಾಯನ ಮಗ ರಾಮನಾಥನನ್ನು ಕಥಾನಾಯಕನನ್ನಾಗಿ ಮಾಡಿದರು. ಮಲತಾಯಿ ರತ್ನಾಜಿ ಅವನ ಚೆಲುವಿಗೆ ಮರುಳಾಗುವುದು, ಅವನು ಒಪ್ಪದೆ ಹೋದಾಗ ಸುಳ್ಳು ಆರೋಪ ಹೊರಿಸುವುದು, ಸಿಟ್ಟಿಗೆದ್ದ ತಂದೆ ಮಗನ ತಲೆ ತರಲು ಆಜ್ಞೆ ಮಾಡುವುದು, ಮಂತ್ರಿ ಅವನನ್ನು ಗುಟ್ಟಾಗಿ ಉಳಿಸುವುದು, ಕೊನೆಗೆ ದೆಹಲಿಯ ದಂಡು ಬಂದಾಗ ಅದೇ ಮಗ ಹೊರಬಂದು ಕಾದಿ ಮಡಿಯುವುದು — ಇದು ಕಥೆಯ ಬೆನ್ನೆಲುಬು. ಹದಿನಾರನೆಯ ಶತಮಾನದಲ್ಲಿ ನಂಜುಂಡಕವಿ ಇದನ್ನೇ ಸಾಂಗತ್ಯದಲ್ಲಿ ಬರೆದ. ಆದರೆ ಅಕ್ಷರ ಬಾರದ ಗಾಯಕರ ಬಾಯಲ್ಲಿ ಈ ಕಥೆ ಪುಸ್ತಕದ ಹಂಗಿಲ್ಲದೆಯೇ ಹರಿದುಬಂತು.

ಈಗ ಒಬ್ಬ ಗಾಯಕಿ ಈ ಕಥೆ ಹಾಡಲು ನಿಂತಳೆಂದುಕೊಳ್ಳಿ. ಎದುರಿಗೆ ಜನ ತುಂಬಿದ್ದಾರೆ, ರಾತ್ರಿ ಉದ್ದವಿದೆ ಎಂದರೆ ಕುದುರೆಯ ಸಿಂಗಾರವನ್ನೇ ಅರ್ಧ ಗಂಟೆ ಬಣ್ಣಿಸಬಹುದು. ಮಳೆ ಬರುವಂತಿದ್ದರೆ ಅದೇ ಕುದುರೆ ನಾಲ್ಕೇ ಸಾಲಿನಲ್ಲಿ ಸಜ್ಜಾಗುತ್ತದೆ. ಹೆಂಗಸರು ಹೆಚ್ಚಿದ್ದ ಕಡೆ ತಾಯಿಯ ದುಃಖ ಬೆಳೆಯುತ್ತದೆ. ಹುಡುಗರಿದ್ದ ಕಡೆ ಯುದ್ಧ ಬೆಳೆಯುತ್ತದೆ. ಕಥೆಯ ಬೆನ್ನೆಲುಬು ಮಾತ್ರ ಕದಲುವುದಿಲ್ಲ. ಇಲ್ಲಿ ನೆನಪಿನಲ್ಲಿರುವುದು ಕಥೆಯ ದಾರಿ, ಲಯ, ಮತ್ತು ಮೊದಲೇ ಹದವಾಗಿ ಕೈಗೆ ಸಿಗುವಂತಿರುವ ನುಡಿಗಟ್ಟುಗಳು. ದೊರೆಯ ಒಡ್ಡೋಲಗಕ್ಕೆ ಒಂದು ವರ್ಣನೆ, ಹೆಣ್ಣಿನ ಚೆಲುವಿಗೊಂದು, ದಂಡು ಹೊರಡುವುದಕ್ಕೊಂದು, ಅಳುವಿಗೊಂದು. ಅವು ಯಾವ ಕಥೆಯಲ್ಲಿ ಬೇಕಾದರೂ ಸಲ್ಲುತ್ತವೆ. ಉಳಿದದ್ದೆಲ್ಲ ಹಾಡುತ್ತ ಹಾಡುತ್ತಲೇ ಆಗಬೇಕು.

ಮರೆತರೂ ನಿಲ್ಲದ ಹಾಡು

ಹಾಡುತ್ತಲೇ ಕಟ್ಟುವ ಈ ವಿದ್ಯೆ ಬಳ್ಳಾರಿ ಸೀಮೆಗಷ್ಟೇ ಸೀಮಿತವಲ್ಲ. ಕರ್ನಾಟಕ ಸಂಗೀತದಲ್ಲಿ ಇದನ್ನು ಮನೋಧರ್ಮ ಎನ್ನುತ್ತಾರೆ. ಅಮೆರಿಕದಲ್ಲಿ ಗುಲಾಮಗಿರಿಯ ನೋವುಂಡ ಕಪ್ಪು ಜನರ ನಡುವೆ ಹುಟ್ಟಿ ಜಗತ್ತನ್ನೆಲ್ಲ ಗೆದ್ದ ಜಾಝ್ ಸಂಗೀತದ ಜೀವಾಳವೂ ಇದೇ. ಜಾಝ್‌ನಲ್ಲಿಯೂ ಒಬ್ಬರು ಹಾಡಿದ್ದಕ್ಕೆ ಇನ್ನೊಬ್ಬರು ಉತ್ತರ ಕೊಡುವ ಪದ್ಧತಿಯುಂಟು. ಅಲ್ಲಿಯೂ ಬಡತನದಿಂದ ಬಂದವರೇ ಅನೇಕರು. 'ಮಿಸ್ಟಿ' ಎಂಬ ಪ್ರಸಿದ್ಧ ರಾಗರಚನೆ ಮಾಡಿದ ಪಿಯಾನೋ ವಾದಕ ಎರಲ್ ಗಾರ್ನರ್ ಅವರಿಗೆ ಸ್ವರಲಿಪಿ ಓದಲು ಕೊನೆಯವರೆಗೂ ಬರುತ್ತಿರಲಿಲ್ಲ.

ಜಾಝ್ ಗಾಯಕಿಯರಲ್ಲಿ ಎಲಾ ಫಿಟ್ಜೆರಾಲ್ಡ್ (1917–1996) ಹೆಸರು ದೊಡ್ಡದು. ಹದಿಹರೆಯದಲ್ಲೇ ತಾಯಿಯನ್ನು ಕಳೆದುಕೊಂಡು ದಿಕ್ಕಿಲ್ಲದೆ ಅಲೆದ ಹುಡುಗಿ ಆಕೆ. 1934ರಲ್ಲಿ ನ್ಯೂಯಾರ್ಕಿನ ಅಪೊಲೊ ರಂಗಮಂದಿರದ ಸ್ಪರ್ಧೆಯೊಂದಕ್ಕೆ ಕುಣಿಯಲೆಂದು ಹೋಗಿ, ಕಡೇ ಗಳಿಗೆಯಲ್ಲಿ ಹಾಡಿ ಗೆದ್ದು ಬೆಳಕಿಗೆ ಬಂದವರು. 1960ರ ಫೆಬ್ರವರಿಯಲ್ಲಿ ಜರ್ಮನಿಯ ಬರ್ಲಿನ್ ನಗರದಲ್ಲಿ ಸಾವಿರಾರು ಜನರೆದುರು ಅವರು 'ಮ್ಯಾಕ್ ದ ನೈಫ್' ಎಂಬ ಹಾಡನ್ನು ಎತ್ತಿಕೊಂಡರು. ಕೆಲವು ಚರಣಗಳಾದ ಮೇಲೆ ಮುಂದಿನ ಸಾಹಿತ್ಯ ಪೂರ್ತಿ ಮರೆತುಹೋಯಿತು. ಎದುರಿಗೆ ಧ್ವನಿಮುದ್ರಣ ನಡೆಯುತ್ತಿದೆ. ಎಲಾ ನಿಲ್ಲಿಸಲಿಲ್ಲ. ಹಾಡು ಮರೆತ ಸಂಗತಿಯನ್ನೇ ಹಾಡಾಗಿ ಹೆಣೆದರು. ಅದೇ ಗೀತೆಯನ್ನು ಮೊದಲು ಹಾಡಿದ್ದವರ ಹೆಸರುಗಳನ್ನು ಪೋಣಿಸಿದರು. ಅವರಲ್ಲೊಬ್ಬರಾದ ಲೂಯಿ ಆರ್ಮ್‌ಸ್ಟ್ರಾಂಗರ ಗೊಗ್ಗರು ದನಿಯನ್ನು ಅನುಕರಿಸಿದರು. ಲಯ ಒಂದಿಷ್ಟೂ ತಪ್ಪಲಿಲ್ಲ. ಆ ಮರೆವಿನ ಹಾಡಿಗೇ ಅವರಿಗೆ ಅಮೆರಿಕದ ಗ್ರಾಮಿ ಪ್ರಶಸ್ತಿ ದೊರೆಯಿತು.

ಬರಿಯ ಬಾಯಿಪಾಠದ ಗಾಯಕಿಯಾಗಿದ್ದರೆ ಅಂದು ವೇದಿಕೆಯ ಮೇಲೆ ನಿಂತಲ್ಲೇ ನಿಲ್ಲಬೇಕಾಗುತ್ತಿತ್ತು. ಎಲಾ ಅವರಿಗೆ ಸಾಲು ಮರೆತಿತ್ತೇ ಹೊರತು ಹಾಡು ಮರೆತಿರಲಿಲ್ಲ. ಹಾಗೆಂದು ಇದು ಮನಸ್ಸಿಗೆ ಬಂದದ್ದನ್ನು ಒದರುವ ಕೆಲಸವಲ್ಲ. ಜಾಝ್ ಕಲಾವಿದರಿಗೆ ಆವರ್ತಗಳ ಚೌಕಟ್ಟು ಬಿಗಿಯಾಗಿರುತ್ತದೆ. ಬುರ್ರಕಥೆಯವರಿಗೆ ತಾಳ, ಸೊಲ್ಲುಗಳ ಚೌಕಟ್ಟು. ಆ ಕಟ್ಟು ಮೈಗೂಡಿದವರಿಗೆ ಮಾತ್ರ ಅದರೊಳಗೆ ಹೀಗೆ ಸಲೀಸಾಗಿ ಓಡಾಡಲು ಸಾಧ್ಯ.

ನೆನಪಿನ ಗುಟ್ಟು

ಅನಕ್ಷರಸ್ಥ ಗಾಯಕರು ಸಾವಿರಾರು ಸಾಲುಗಳನ್ನು ಹೇಗೆ ಹಾಡುತ್ತಾರೆ ಎಂಬುದನ್ನು ಪ್ರಯೋಗ ಮಾಡಿ ನೋಡಿದವರು ಅಮೆರಿಕದ ವಿದ್ವಾಂಸ ಮಿಲ್ಮನ್ ಪ್ಯಾರಿ. 1933ರಿಂದ 1935ರವರೆಗೆ ಅವರು ಯುಗೊಸ್ಲಾವಿಯದ ಹಳ್ಳಿಗಾಡಿನಲ್ಲಿ, ಒಂಟಿ ತಂತಿಯ ವಾದ್ಯ ನುಡಿಸುತ್ತ ವೀರಕಥೆ ಹಾಡುವವರ ಹಾಡುಗಳನ್ನು ಧ್ವನಿಮುದ್ರಿಸಿದರು. ಅವ್ದೊ ಮೆಜೆದೊವಿಚ್ ಎಂಬ ಗಾಯಕನಿಗೆ ಓದು ಬರಹ ಬಾರದು. ಅವನು ಎಂದೂ ಕೇಳಿರದ ಕಥೆಯೊಂದನ್ನು ಪ್ಯಾರಿಯವರು ಇನ್ನೊಬ್ಬನಿಂದ ಅವನೆದುರು ಹಾಡಿಸಿದರು. 2294 ಸಾಲುಗಳ ಹಾಡು ಅದು. ಮುಗಿದ ಮೇಲೆ, ಈಗ ಇದನ್ನು ನೀನು ಹಾಡಬಲ್ಲೆಯಾ ಎಂದು ಅವ್ದೊನನ್ನು ಕೇಳಿದರು. ಅವನು ಹಾಡಿದ. ಅವನ ಹಾಡು 6313 ಸಾಲುಗಳಷ್ಟಾಯಿತು! ಕಥೆ ಅದೇ, ಪಾತ್ರಗಳಿಗೆ ಉಡುಪು, ಕುದುರೆ, ದುಃಖ, ಸಂತೋಷ ಎಲ್ಲವನ್ನೂ ಅವನು ತನ್ನ ಬೊಕ್ಕಸದಿಂದ ಕೊಟ್ಟಿದ್ದ. ಇನ್ನೊಂದು ವಿಚಿತ್ರವೆಂದರೆ, ಇಂಥ ಗಾಯಕರು ತಾವು ಮಾತಿಗೆ ಮಾತು ಹಾಗೆಯೇ ಹಾಡುತ್ತೇವೆ ಎಂದು ನಂಬಿದ್ದರು. ಎರಡು ಬಾರಿಯ ಧ್ವನಿಮುದ್ರಣ ಹೋಲಿಸಿದರೆ ಸಾಲುಗಳು ಬೇರೆಯಾಗಿರುತ್ತಿದ್ದವು.

ಕರ್ನಾಟಕದಲ್ಲಿಯೂ ಇಂಥ ಕೆಲಸ ನಡೆದಿದೆ. 1990ರಲ್ಲಿ ಫಿನ್‌ಲೆಂಡಿನ ಜಾನಪದ ತಜ್ಞ ಲೌರಿ ಹಾಂಕೊ ಅವರು ತುಳುನಾಡಿನ ಗೋಪಾಲ ನಾಯ್ಕರಿಂದ ಸಿರಿ ಪಾಡ್ದನವನ್ನು ಪೂರ್ತಿಯಾಗಿ ಕೇಳಿ ದಾಖಲಿಸಿದರು. ಅದು 15,683 ಸಾಲುಗಳಷ್ಟಾಯಿತು. ಗ್ರೀಕ್ ಮಹಾಕವಿ ಹೋಮರನ ಇಲಿಯಡ್ ಕಾವ್ಯದ ಉದ್ದವೂ ಹೆಚ್ಚುಕಡಿಮೆ ಇಷ್ಟೇ.

ಇದರ ಹಿಂದಿರುವ ಮನಃಶಾಸ್ತ್ರದ ತತ್ವವನ್ನು ಮನೆಯಲ್ಲೇ ಪರೀಕ್ಷಿಸಬಹುದು. ಟೆ, ಡೂ, ಪಿ, ಹೊ, ಪ್ಲಿ, ಸ, ರು, ಕಂ, ಪೇ, ಸಂ, ಹಂ — ಈ ಹನ್ನೊಂದು ಅಕ್ಷರಗಳನ್ನು ಒಮ್ಮೆ ಓದಿ, ಪುಸ್ತಕ ಮುಚ್ಚಿ, ಅದೇ ಕ್ರಮದಲ್ಲಿ ಹೇಳಿ ನೋಡಿ. ಹೆಚ್ಚಿನವರು ಆರೇಳಕ್ಕೆ ತಡವರಿಸುತ್ತಾರೆ. ಈಗ ಅವೇ ಅಕ್ಷರಗಳನ್ನು ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಎಂದು ಜೋಡಿಸಿ. ಒಂದನೆಯ ತರಗತಿಯ ಮಗುವೂ ಒಂದೇ ಸಲಕ್ಕೆ ಹೇಳುತ್ತದೆ. ಅಕ್ಷರಗಳು ಅಷ್ಟೇ ಇವೆ. ಆದರೆ ಹನ್ನೊಂದು ಬಿಡಿ ಚೂರುಗಳು ನಾಲ್ಕು ಪರಿಚಿತ ಕಟ್ಟುಗಳಾದವು. ಮನುಷ್ಯನ ಮನಸ್ಸು ಒಂದು ಸಲಕ್ಕೆ ಸುಮಾರು ಏಳು ಸಂಗತಿಗಳನ್ನು ಮಾತ್ರ ಹಿಡಿದಿಟ್ಟುಕೊಳ್ಳಬಲ್ಲದು ಎಂದು ಅಮೆರಿಕದ ಮನಃಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ 1956ರ ಪ್ರಬಂಧವೊಂದರಲ್ಲಿ ವಿವರಿಸಿದರು. ಆ ಸಂಖ್ಯೆ ಇನ್ನೂ ಕಡಿಮೆ ಎಂದು ಅನಂತರದ ಸಂಶೋಧಕರು ವಾದಿಸಿದ್ದುಂಟು. ಸಂಖ್ಯೆ ಎಷ್ಟೇ ಇರಲಿ, ಆ ಪ್ರತಿಯೊಂದು ಸಂಗತಿಯೂ ಒಂದು ಅಕ್ಷರವಾಗಿರಬಹುದು, ಒಂದು ಊರಾಗಿರಬಹುದು, ಈರಮ್ಮನಂಥವರಿಗಾದರೆ ಒಂದು ಇಡೀ ಯುದ್ಧವರ್ಣನೆಯೂ ಆಗಿರಬಹುದು.

ಅರ್ಥವಿರುವ ಕಟ್ಟು, ಹಿಡಿದು ನಡೆಸುವ ಲಯ, ಮೊದಲಿನಿಂದ ಕೊನೆಯವರೆಗೆ ಗೊತ್ತಿರುವ ದಾರಿ, ಮತ್ತು ಮತ್ತೆ ಮತ್ತೆ ಬೇರೆಯವರೆದುರು ಹೇಳುವ ಅಭ್ಯಾಸ — ನೆನಪಿನ ಗುಟ್ಟು ಇಷ್ಟೇ. ಇವುಗಳಲ್ಲಿ ಯಾವುದೂ ಅಂಗಡಿಯ ಟಾನಿಕ್ಕಿನಲ್ಲಿ ಸಿಗುವುದಿಲ್ಲ. ಶಾಲೆಯ ಪಾಠಕ್ಕೂ ಇವೆಲ್ಲ ಸಲ್ಲುತ್ತವೆ. ದ್ಯುತಿಸಂಶ್ಲೇಷಣೆಯ ಪಾಠವನ್ನು ಹತ್ತು ಸಾಲುಗಳಾಗಿ ಉರು ಹೊಡೆದವನಿಗೆ ನಾಲ್ಕನೆಯ ಸಾಲು ಮರೆತರೆ ಉಳಿದ ಆರೂ ಹೋದಂತೆ. ಎಲೆಗೆ ಬೆಳಕು ಏಕೆ ಬೇಕು, ನೀರು ಎಲ್ಲಿಂದ ಬರುತ್ತದೆ, ಗಾಳಿಯಿಂದ ಏನನ್ನು ಪಡೆಯುತ್ತದೆ, ಕೊನೆಗೆ ಏನನ್ನು ತಯಾರಿಸುತ್ತದೆ ಎಂಬ ದಾರಿ ಗೊತ್ತಿದ್ದವಳು ಒಂದು ಸಾಲು ಮರೆತರೂ ತನ್ನ ಮಾತಿನಲ್ಲಿ ಅದನ್ನು ಕಟ್ಟಿಕೊಂಡು ಮುಂದೆ ಹೋಗುತ್ತಾಳೆ.

ಉಳಿದಿರುವುದೇನು?

ಈರಮ್ಮನವರು ಹಾಡಿದ ಕಾವ್ಯಗಳಲ್ಲಿ ಕೆಲವು ಬರಹಕ್ಕೆ ಇಳಿದಿವೆ, ಧ್ವನಿಮುದ್ರಣಗಳೂ ಇವೆ. ಇದು ಸಣ್ಣ ಕೆಲಸವಲ್ಲ. ಹೀಗೆ ದಾಖಲಾಗದೆ ಹಿರಿಯರ ಜೊತೆಗೇ ಮಣ್ಣಾದ ಕಾವ್ಯಗಳು ಎಷ್ಟೋ. ಆದರೆ ಪುಸ್ತಕದಲ್ಲಿ ಸಿಗುವುದು ಯಾವುದೋ ಒಂದು ದಿನ, ಯಾರದೋ ಎದುರು ಅವರು ಹಾಡಿದ ರೂಪ. ಅದೇ ಕಥೆಯನ್ನು ಮರುದಿನ ಬೇರೆಯಾಗಿ ಹಾಡಬಲ್ಲ ಸಾಮರ್ಥ್ಯ ಪುಸ್ತಕದಲ್ಲಿ ಸಿಗುವುದಿಲ್ಲ. ಬಾವಿಯಿಂದ ಸೇದಿಟ್ಟ ಕೊಡ ನೀರು ಅಮೂಲ್ಯ ನಿಜ. ಆದರೆ ಅದು ಸೆಲೆಯಲ್ಲ.

ಹಾಗೆಂದು ಅಲೆಮಾರಿ ಸಮುದಾಯದ ಮಕ್ಕಳು ಶಾಲೆ ಬಿಟ್ಟು ತಂಬೂರಿ ಹಿಡಿದು ಮನೆಬಾಗಿಲಿಗೆ ಬರಲಿ ಎಂದು ಬಯಸುವುದು ಅನ್ಯಾಯ. ಕಾಳಿಗಾಗಿ ಹಾಡಬೇಕಾಗಿ ಬಂದ ಬದುಕಿನಲ್ಲಿ ಎಷ್ಟು ಅವಮಾನವಿತ್ತು ಎಂಬುದು ಹಾಡಿದವರಿಗೇ ಗೊತ್ತು. ಬಾಗಿಲಲ್ಲಿ ನಿಂತಾಗ "ಮುಂದಕ್ಕೆ ಹೋಗು" ಎನ್ನಿಸಿಕೊಂಡ ಕಲೆಯನ್ನೇ ಪ್ರಶಸ್ತಿ ಬಂದ ಮೇಲೆ ವೇದಿಕೆಯಲ್ಲಿ ಹೊಗಳುವುದು ಸಮಾಜದ ಹಳೆಯ ರೂಢಿ. ಆ ಮಕ್ಕಳು ಓದಬೇಕು, ನೌಕರಿ ಹಿಡಿಯಬೇಕು. ಅದರ ಜೊತೆಗೆ, ಅವರ ಅಜ್ಜಿಯ ವಿದ್ಯೆಯನ್ನು ಶಾಲೆಯೇ ಗೌರವದಿಂದ ಒಳಗೆ ಕರೆಯಬೇಕು. ಅಕ್ಷರ ಕಲಿಸುವ ಭರದಲ್ಲಿ ಕಿವಿಯ ವಿದ್ಯೆ, ನಾಲಿಗೆಯ ವಿದ್ಯೆ ಕಳೆದುಹೋದರೆ ಅದು ಶಿಕ್ಷಣಕ್ಕೆ ಲಾಭವಲ್ಲ. ಅಮೆರಿಕದಲ್ಲಿ ಒಂದು ಕಾಲಕ್ಕೆ ಕೀಳಾಗಿ ಕಂಡಿದ್ದ ಜಾಝ್ ಅನ್ನು ಇಂದು ಕಾಲೇಜುಗಳಲ್ಲಿ ಗುರುಮುಖೇನ ಕಲಿಸುತ್ತಾರೆ. ಬುರ್ರಕಥೆಗೂ ಅಂಥ ಕಲಿಕೆ ಏಕೆ ಇರಬಾರದು?

ಇದಕ್ಕೆ ಸರಕಾರದ ಯೋಜನೆಯನ್ನೇ ಕಾಯಬೇಕಾಗಿಲ್ಲ. ಸಂಡೂರು, ಕಂಪ್ಲಿ, ಹೊಸಪೇಟೆಗಳ ಯಾವ ಓಣಿಯಲ್ಲಿ ಕೇಳಿದರೂ ಬೀಸುವ ಪದ, ಸೋಬಾನೆ ಪದ, ಲಾವಣಿ ಬಲ್ಲ ಹಿರಿಯರು ಒಬ್ಬಿಬ್ಬರಾದರೂ ಸಿಗುತ್ತಾರೆ. ರಜೆಯಲ್ಲಿ ಮಕ್ಕಳು ಅವರ ಹತ್ತಿರ ಕೂತು ಕೇಳಲಿ. ಮೊಬೈಲಿನಲ್ಲಿ ಧ್ವನಿ ಹಿಡಿದಿಡಲಿ. ಹಾಡಿದವರ ಹೆಸರು, ಊರು, ದಿನಾಂಕ ಬರೆದಿಡಲಿ. ಅಷ್ಟಕ್ಕೇ ನಿಲ್ಲದೆ ಒಂದಾದರೂ ಹಾಡನ್ನು ಕಲಿತು, ಯಂತ್ರ ಬದಿಗಿಟ್ಟು, ನಾಲ್ಕು ಜನರೆದುರು ಹಾಡಲಿ. ಸಾಲು ತಪ್ಪಿದಾಗ ಏನಾಗುತ್ತದೆ, ಹೇಗೆ ಮುಂದುವರಿಯಬೇಕು ಎಂಬುದು ಆಗ ತಾನಾಗಿಯೇ ತಿಳಿಯುತ್ತದೆ.

ತಾಯ್ತಂದೆಯರಿಗೂ ಒಂದು ಮಾತು. ಮಗು ಓದಿ ಮುಗಿಸಿದಾಗ "ಬಾಯಿಪಾಠ ಒಪ್ಪಿಸು" ಎನ್ನುವ ಬದಲು "ಪುಸ್ತಕ ಮುಚ್ಚಿಟ್ಟು ನಿನ್ನ ಮಾತಿನಲ್ಲಿ ಹೇಳು" ಎಂದು ಕೇಳಬಹುದು. ಅಡುಗೆ ಮಾಡುತ್ತಲೋ, ಅಂಗಳದಲ್ಲಿ ಕೂತೋ ಕೇಳಬಹುದು. ನಡುನಡುವೆ ಹ್ಞೂಂಗುಟ್ಟುತ್ತ, "ಮುಂದೇನಾಯ್ತು?" ಎಂದು ಕೇಳುವ ಒಬ್ಬರು ಎದುರಿಗಿದ್ದರೆ ಸಾಕು. ಈರಮ್ಮನವರ ಹಿಮ್ಮೇಳದವರು ಮಾಡುತ್ತಿದ್ದುದೂ ಅದನ್ನೇ.